ಇಳಿಜಾರಿಗೆ ತಕ್ಕ ಟ್ರೈಲರ್: ಸೈಕಲ್ ಪ್ರವಾಸದ ಹೊರೆಯ ಬಗ್ಗೆ

ಸೈಕಲ್ ಪ್ರವಾಸಕ್ಕೆ ಟ್ರೈಲರ್, ಅಂದರೆ ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಸಣ್ಣ ಗಾಡಿ, ಕೊಳ್ಳಲು ಅಥವಾ ಮಾಡಿಸಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ಕಿಲೋ ಹೊರುತ್ತದೆ ಎಂದು. ತಯಾರಕರ ವಿವರಣೆಗಳಲ್ಲಿಯೂ ಆ ಸಂಖ್ಯೆಗೇ ಮೊದಲ ಸ್ಥಾನ. ನನ್ನ ಅಭಿಪ್ರಾಯದಲ್ಲಿ, ಕಾಸರಗೋಡಿನಂಥ ನೆಲದಲ್ಲಿ ಅದು ಕಡೆಗೆ ಕೇಳಬೇಕಾದ ಪ್ರಶ್ನೆ. ಹೊರೆ ಕಟ್ಟಿದ ಟ್ರೈಲರ್ ಇಳಿಜಾರಿನಲ್ಲಿ, ತಿರುವಿನಲ್ಲಿ, ಬಸ್ಸಿಗೆ ದಾರಿ ಬಿಡುವಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಾದರೆ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸುಲಭ.

ಟ್ರೈಲರ್ ಬೇಕೆನಿಸಿದ್ದು ಮಗಳಿಂದಾಗಿ. ಅವಳು ಏಳನೆಯ ತರಗತಿಯಲ್ಲಿದ್ದಾಳೆ; ತನ್ನದೇ ಸೈಕಲ್ಲಿನಲ್ಲಿ ನನ್ನೊಂದಿಗೆ ಮಡಿಕೇರಿಗೆ ಬರುವೆನೆಂದು ಹಟ ಹಿಡಿದಿದ್ದಾಳೆ, ಮತ್ತು ಆ ಹಟ ನನಗೆ ಬಹಳ ಸಂತೋಷ ಕೊಟ್ಟಿದೆ. ಡಿಸೆಂಬರಿನ ಕ್ರಿಸ್ಮಸ್ ರಜೆ ಅದಕ್ಕೆ ತಕ್ಕ ಕಾಲ; ಮಳೆ ಮುಗಿದಿರುತ್ತದೆ, ಬಿಸಿಲು ಇನ್ನೂ ಬಲಿತಿರುವುದಿಲ್ಲ. ನಮ್ಮ ಬದಿಯಡ್ಕದಿಂದ ಮುಳ್ಳೇರಿಯ, ಆದೂರು, ಜಾಲ್ಸೂರು ದಾಟಿ ಸುಳ್ಯಕ್ಕೆ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ. ಮರಳುವಾಗ ಭಾಗಮಂಡಲ, ಕರಿಕೆ, ಪಾಣತ್ತೂರು ಮಾರ್ಗವಾಗಿ ಕಾಞಂಗಾಡಿಗೆ ಇಳಿಯುವುದು ಎಂದು ಯೋಚಿಸಿದ್ದೇವೆ. ಆ ವಯಸ್ಸಿನ ಮಗುವಿನ ಸೈಕಲ್ಲಿಗೆ ನೀರಿನ ಬಾಟ್ಲಿ, ಮಳೆಯಂಗಿಗಿಂತ ಹೆಚ್ಚಿನದನ್ನು ಹೊರಿಸಬಾರದು. ಇಬ್ಬರ ಹಾಸಿಗೆ, ಡೇರೆ, ಬಟ್ಟೆ, ಸ್ಟವ್, ಪಾತ್ರೆ, ಅವಲಕ್ಕಿ-ಅಕ್ಕಿ, ಹತ್ಯಾರು ಎಲ್ಲವೂ ನನ್ನ ಪಾಲಿಗೆ ಬರುತ್ತವೆ. ಒಬ್ಬನ ಸಾಮಾನಾಗಿದ್ದರೆ ಕ್ಯಾರಿಯರ್ ಮತ್ತು ಎರಡು ಬದಿಯ ಪ್ಯಾನಿಯರ್ ಚೀಲಗಳಲ್ಲಿ ಹಿಡಿಯುತ್ತಿತ್ತು. ಇಬ್ಬರದನ್ನು ತೂಗಿ ನೋಡಿದಾಗ, ನೀರೂ ಸೇರಿ, ಅದು ಹಿಂದಿನ ಕ್ಯಾರಿಯರಿನ ಸಾಮಾನ್ಯ ಮಿತಿಯಾದ 25 ಕಿಲೋದ ಹತ್ತಿರಕ್ಕೆ ಬಂದಿತ್ತು.

ಮಿತಿಯ ಅಂಚಿನಲ್ಲಿ ಹೊರೆ ಇಟ್ಟುಕೊಂಡು ದಿನಗಟ್ಟಲೆ ಹೋಗುವುದು ಹಿಂದಿನ ಚಕ್ರಕ್ಕೆ ಒಳ್ಳೆಯದಲ್ಲ. ಸವಾರನ ಭಾರದ ಹೆಚ್ಚಿನ ಪಾಲು ಮೊದಲೇ ಆ ಚಕ್ರದ ಮೇಲಿರುತ್ತದೆ. ಗೇರಿನ ಸೈಕಲ್ಲುಗಳಲ್ಲಿ ಬಲಗಡೆಯ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಎರಡು ಬದಿಯ ಕಡ್ಡಿಗಳ ಬಿಗಿತವೂ ಸಮಾನವಾಗಿರುವುದಿಲ್ಲ. ಹೊರೆ ಹೆಚ್ಚಾದಾಗ ಕಡ್ಡಿ ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ಮುಂದಿನ ಚಕ್ರಕ್ಕೂ ಕ್ಯಾರಿಯರ್ ಹಾಕಿ ನಾಲ್ಕು ಚೀಲ ಕಟ್ಟುವ ಕ್ರಮವಿದೆ, ಅದು ಒಳ್ಳೆಯ ಕ್ರಮವೇ. ಆದರೆ ನನ್ನ ಸೈಕಲ್ಲಿನ ಮುಂದಿನ ಫೋರ್ಕಿನಲ್ಲಿ ಅದನ್ನು ಕೂರಿಸುವ ತೂತುಗಳಿಲ್ಲ. ತೂಕದ ಲೆಕ್ಕದಲ್ಲಿ ನೋಡಿದರೆ ಎರಡು ಕ್ಯಾರಿಯರ್ ಮತ್ತು ನಾಲ್ಕು ಚೀಲಗಳದ್ದು ಸುಮಾರು 5 ಕಿಲೋ. ಹಗುರವಾದ ಟ್ರೈಲರ್ ಮತ್ತು ಅದರ ಚೀಲದ್ದು 7 ಅಥವಾ 8 ಕಿಲೋ. ಈ ಎರಡು ಮೂರು ಕಿಲೋ ಅಂತರಕ್ಕೆ ಸಿಗುವ ಪ್ರತಿಫಲವೆಂದರೆ, ತಂಗುವ ಊರಿನಲ್ಲಿ ಕೊಂಡಿ ಕಳಚಿಟ್ಟು ಬರಿಯ ಸೈಕಲ್ಲಿನಲ್ಲಿ ಪೇಟೆ ಸುತ್ತಿ ಬರಬಹುದು.

ಇನ್ನು ನಮ್ಮ ನೆಲದ ವಿಚಾರ. ಕಾಸರಗೋಡು ಜಿಲ್ಲೆಯಲ್ಲಿ 12 ನದಿಗಳಿವೆ ಎನ್ನುತ್ತಾರೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಉತ್ತರದಿಂದ ಎಣಿಸುತ್ತಾ ಬಂದರೆ ಎಲ್ಲವೂ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವವು. ತೆಂಕು-ಬಡಗಾಗಿ ಹೋಗುವ ಯಾವ ಒಳರಸ್ತೆಯಾದರೂ ಈ ಹೊಳೆಗಳಿಗೂ ಅವುಗಳಿಗೆ ಸೇರುವ ತೋಡುಗಳಿಗೂ ಅಡ್ಡವಾಗಿಯೇ ಸಾಗಬೇಕು. ಮುರಕಲ್ಲಿನ ಬೋಳು ಗುಡ್ಡದ ನೆತ್ತಿಗೆ ಏರುವುದು, ಅಡಿಕೆ ತೋಟದ ನಡುವಿನ ಸೇತುವೆಗೆ ಇಳಿಯುವುದು, ಮತ್ತೆ ಏರುವುದು. ಘಾಟಿಯ ಏರು ಉದ್ದವಾದರೂ ಹದವಾಗಿರುತ್ತದೆ. ನಮ್ಮ ಊರಿನ ಏರು ಗಿಡ್ಡ, ಕಡಿದು, ಮತ್ತು ಇಳಿಜಾರಿನ ಬುಡದಲ್ಲಿ ಬಹಳ ಸಲ ಒಂದು ತಿರುವು ಅಥವಾ ಕಿರಿದಾದ ಸಂಕ ಇರುತ್ತದೆ. ಬಯಲುಸೀಮೆಯಲ್ಲಿ ಚೆನ್ನಾಗಿ ಓಡಿದ ಟ್ರೈಲರ್ ಇಲ್ಲಿಗೂ ಹೊಂದುತ್ತದೆ ಎಂದು ನಂಬಿ ಹೊರಡಬಾರದು ಎನ್ನುವುದು ಇದಕ್ಕಾಗಿ.

ಏರಿನಲ್ಲಿ ಟ್ರೈಲರ್ ಎಷ್ಟು ತೊಂದರೆ ಕೊಡುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ಸವಾರ ಮತ್ತು ಸೈಕಲ್ ಸೇರಿ 90 ಕಿಲೋ, ಹೊರೆ ಸಹಿತ ಟ್ರೈಲರ್ 30 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಮೀಟರಿಗೆ 8 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹತ್ತಲು, ಭಾರವನ್ನು ಎತ್ತುವುದಕ್ಕೇ ಸುಮಾರು 130 ವಾಟ್ ಶಕ್ತಿ ಬೇಕು. ಅದರ ಕಾಲು ಭಾಗ, ಅಂದರೆ 33 ವಾಟ್, ಟ್ರೈಲರಿನ ಪಾಲು. ಸಾಧಾರಣ ಅಭ್ಯಾಸವಿರುವ ವಯಸ್ಕರೊಬ್ಬರು ಗಂಟೆಗಟ್ಟಲೆ ಕೊಡಬಲ್ಲದ್ದು 100ರಿಂದ 150 ವಾಟ್. ಆದ್ದರಿಂದ ಇದು ಆಗದ ಕೆಲಸವೇನಲ್ಲ. ಆದರೆ ಆ ನಿಧಾನದ ವೇಗಕ್ಕೆ ತಕ್ಕ ಗೇರು ಸೈಕಲ್ಲಿನಲ್ಲಿರಬೇಕು. ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 1.36 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಹೆಚ್ಚುಕಡಿಮೆ 5 ಕಿಲೋಮೀಟರ್. ಪೇಟೆಯ ಅಂಗಡಿಗಳಲ್ಲಿ ಸಿಗುವ ಅನೇಕ ಹೈಬ್ರಿಡ್ ಸೈಕಲ್ಲುಗಳಲ್ಲಿ ಮುಂದೆ 28, ಹಿಂದೆ 28 ಇರುವುದೇ ಅತಿ ಹಗುರದ ಗೇರು. ಅದೇ ಲಯದಲ್ಲಿ ತುಳಿದರೆ ಅದು ಗಂಟೆಗೆ ಏಳೂವರೆ ಕಿಲೋಮೀಟರ್ ವೇಗವನ್ನೂ 200 ವಾಟಿನಷ್ಟು ಶಕ್ತಿಯನ್ನೂ ಕೇಳುತ್ತದೆ. ಟ್ರೈಲರಿಗೆ ಹಣ ತೆಗೆದಿಡುವವರು ಅದರಲ್ಲಿ ಒಂದು ಪಾಲನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಮೀಸಲಿಡುವುದು ಒಳ್ಳೆಯದು.

ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ಅಂಥ ಅವಕಾಶವಿಲ್ಲ. ಅದೇ 8ರ ಇಳಿಜಾರಿನಲ್ಲಿ 30 ಕಿಲೋದ ಟ್ರೈಲರ್ ಸೈಕಲ್ಲನ್ನು ಹಿಂದಿನಿಂದ ಸುಮಾರು ಎರಡೂವರೆ ಕಿಲೋ ಬಲದಿಂದ ಸದಾ ನೂಕುತ್ತಲೇ ಇರುತ್ತದೆ. ಬ್ರೇಕು ಹಿಡಿದಾಗ ಆ ನೂಕು ಇನ್ನೂ ಹೆಚ್ಚುತ್ತದೆ. ಬ್ರೇಕಿನ ಬಿಗಿ ಅಷ್ಟೇ ಇದ್ದು ಒಟ್ಟು ಭಾರ 90ರಿಂದ 120ಕ್ಕೆ ಏರಿದರೆ ನಿಲ್ಲಲು ಬೇಕಾಗುವ ದೂರ ಮೂರನೆಯ ಒಂದರಷ್ಟು ಹೆಚ್ಚು. ನೇರ ರಸ್ತೆಯಲ್ಲಿ ಇದನ್ನು ನಿಭಾಯಿಸಬಹುದು. ತಿರುವಿನಲ್ಲಿ ಸೈಕಲ್ ಒಂದು ದಿಕ್ಕಿಗೂ ಟ್ರೈಲರ್ ಇನ್ನೊಂದು ದಿಕ್ಕಿಗೂ ಮುಖಮಾಡಿರುವಾಗ ಆ ನೂಕು ಹಿಂದಿನ ಚಕ್ರವನ್ನು ಹೊರಬದಿಗೆ ತಳ್ಳುತ್ತದೆ. ಅಲ್ಲಿ ಮುರಕಲ್ಲಿನ ಹುಡಿಯೋ ತರಗೆಲೆಯೋ ಇದ್ದರೆ ಚಕ್ರ ಜಾರುತ್ತದೆ. ಬ್ರೇಕನ್ನು ತಿರುವಿನ ಮೊದಲೇ, ಸೈಕಲ್ ನೇರವಾಗಿರುವಾಗಲೇ ಹಿಡಿದು ಮುಗಿಸಬೇಕೆಂದು ಅನುಭವಿಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಕರಿಕೆಯ ಕಾಡಿನ ನಡುವಿನ ಕಿರಿದಾದ, ಸುತ್ತುಸುತ್ತಿನ ಇಳಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಪ್ರತಿಯೊಂದು ಟ್ರೈಲರಿನ ಚಿತ್ರವನ್ನೂ ಅಳತೆಯನ್ನೂ ನೋಡಿದೆ.

ಈ ದೃಷ್ಟಿಯಿಂದ ಕೊಂಡಿ ಎಲ್ಲಿ ಸೇರುತ್ತದೆ ಎಂಬುದು ಹೊರುವ ಸಾಮರ್ಥ್ಯಕ್ಕಿಂತ ದೊಡ್ಡ ವಿಚಾರ. ಸೀಟಿನ ಕೆಳಗಿನ ಕಂಬಕ್ಕೆ ಸಿಕ್ಕಿಸುವ ಟ್ರೈಲರುಗಳಿವೆ. ಅವನ್ನು ಜೋಡಿಸುವುದು ಸುಲಭ, ಹಿಂದಿನ ಚಕ್ರ ಬಿಚ್ಚುವುದಕ್ಕೂ ಅಡ್ಡಿಯಿಲ್ಲ. ಆದರೆ ಇಳಿಜಾರಿನಲ್ಲಿ ಆ ನೂಕು ಸೀಟಿನ ಎತ್ತರದಲ್ಲಿ ಬಂದು ತಾಗುವುದರಿಂದ ಸೈಕಲ್ ಮುಂದಕ್ಕೂ ಪಕ್ಕಕ್ಕೂ ವಾಲುವ ಒಲವು ಹೆಚ್ಚು. ಹಿಂದಿನ ಚಕ್ರದ ಅಚ್ಚಿನ ಮಟ್ಟದಲ್ಲಿ ಸೇರುವ ಕೊಂಡಿಯಲ್ಲಿ ಆ ನೂಕು ತಗ್ಗಿನಲ್ಲಿರುತ್ತದೆ. ಗುಡ್ಡದ ನಾಡಿನಲ್ಲಿ ಅಚ್ಚಿನ ಕೊಂಡಿಯೇ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅಚ್ಚುಗಳಲ್ಲಿ ಹಲವು ಬಗೆ: ನಟ್ಟು ಬಿಗಿಯುವ ಹಳೆಯ ಅಚ್ಚು, ಸಣ್ಣ ಹಿಡಿಯನ್ನು ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್, ಹೊಸ ಸೈಕಲ್ಲುಗಳಲ್ಲಿ ಚಕ್ರದ ನಡುವೆ ತೂರಿಸಿ ತಿರುಪಿ ಬಿಗಿಯುವ 12 ಮಿಲಿಮೀಟರ್ ದಪ್ಪದ ಥ್ರೂ ಆ್ಯಕ್ಸಲ್. ಕೊನೆಯದರಲ್ಲಿ ತಿರುಪಿನ ಮರೆಗಳ (ಥ್ರೆಡ್) ನಡುವಿನ ಅಂತರವೂ ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆ, 1.0, 1.5, 1.75 ಮಿಲಿಮೀಟರ್ ಎಂದು ಮೂರು ಬಗೆ ಬಳಕೆಯಲ್ಲಿದೆ. ತನ್ನ ಸೈಕಲ್ಲಿನದು ಯಾವುದೆಂದು ತಿಳಿಯದೆ ಕೊಂಡಿ ತರಿಸಿದರೆ ಅದು ಕೂರುವುದಿಲ್ಲ.

ಒಂದು ಚಕ್ರವೋ ಎರಡು ಚಕ್ರವೋ ಎಂಬ ಪ್ರಶ್ನೆಗೆ ಬರೋಣ. ಎರಡು ಚಕ್ರದ್ದಕ್ಕೆ ಅಮೆರಿಕದ ಬರ್ಲಿ ನೊಮಾಡ್ ಹೆಸರಾದ ಉದಾಹರಣೆ. 16 ಇಂಚಿನ ಎರಡು ಚಕ್ರಗಳ ಮೇಲೆ 100 ಪೌಂಡ್, ಅಂದರೆ 45 ಕಿಲೋ ಹೊರುತ್ತದೆ. ಒಂದು ಚಕ್ರದ್ದಕ್ಕೆ ಬಾಬ್ ಯಾಕ್. ಅದೂ 16 ಇಂಚಿನದು, 70 ಪೌಂಡ್, ಸುಮಾರು 32 ಕಿಲೋ. ಎರಡು ಚಕ್ರದ್ದು ತಾನಾಗಿ ನಿಲ್ಲುತ್ತದೆ, ಹೊರೆ ಆಚೀಚೆಯಾದರೂ ಸಹಿಸಿಕೊಳ್ಳುತ್ತದೆ, ಸೈಕಲ್ಲಿನ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಸೈಕಲ್ ಬಲಕ್ಕೆ ವಾಲಿದರೂ ಎಡಕ್ಕೆ ವಾಲಿದರೂ ತಾನು ನೆಟ್ಟಗೇ ಇರುತ್ತದೆ. ಅದೇ ಅದರ ದೋಷವೂ ಹೌದು: ವೇಗವಾಗಿ ತಿರುಗುವಾಗ ಒಳಬದಿಯ ಚಕ್ರ ನೆಲ ಬಿಡಬಹುದು, ಒಂದೇ ಚಕ್ರ ಗುಂಡಿಗೆ ಬಿದ್ದರೆ ಇಡೀ ಪೆಟ್ಟಿಗೆ ಓಲಾಡುತ್ತದೆ. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಪಂಚಾಯತು ರಸ್ತೆಯ ಕಾಂಕ್ರೀಟು ಮುಗಿದಲ್ಲಿ ಪಕ್ಕದ ಮಣ್ಣು ಗೇಣುದ್ದ ಕೆಳಗಿರುತ್ತದೆ. ಎದುರಿನಿಂದ ಬಸ್ಸು ಬಂದಾಗ ಸೈಕಲ್ಲಿನ ಚಕ್ರ ಅಂಚಿನ ಮೇಲೇ ಉಳಿದರೂ ಟ್ರೈಲರಿನ ಎಡಚಕ್ರ ಕೆಳಗಿಳಿದುಬಿಡುತ್ತದೆ. ಹೆದ್ದಾರಿಯ ಸರ್ವಿಸ್ ರಸ್ತೆಗಳಲ್ಲಿ ಚರಂಡಿಯ ಹಲಗೆಗಳ ನಡುವಿನ ಸಂದುಗಳೂ ಹೀಗೆಯೇ. ಸೈಕಲ್ ಸವಾರ ತನ್ನ ಚಕ್ರದ ದಾರಿಯನ್ನು ಕಣ್ಣಿನಿಂದ ಆರಿಸಬಲ್ಲ, ಹಿಂದಿನ ಎರಡು ಚಕ್ರಗಳ ದಾರಿಯನ್ನು ಊಹಿಸಬೇಕು.

ಒಂದು ಚಕ್ರದ ಟ್ರೈಲರ್ ಸೈಕಲ್ಲಿನ ಗೆರೆಯಲ್ಲಿಯೇ ಬರುತ್ತದೆ, ಸೈಕಲ್ಲಿನೊಂದಿಗೆ ವಾಲುತ್ತದೆ. ಮುಂದಿನ ಚಕ್ರ ತಪ್ಪಿಸಿದ ಗುಂಡಿಯನ್ನು ಅದೂ ಬಹುಪಾಲು ತಪ್ಪಿಸುತ್ತದೆ. ತೋಟದ ಬದಿಯ ಕಾಲುದಾರಿಗೆ, ಕಿರಿದಾದ ಕಾಂಕ್ರೀಟು ಸಂಕಕ್ಕೆ ಬೇರೆ ಅಗಲವೇನೂ ಬೇಡ. ಕಷ್ಟವಿರುವುದು ನಿಲ್ಲಿಸುವಾಗ. ಸೈಕಲ್ ವಾಲಿದರೆ ಹೊರೆಯೂ ವಾಲುತ್ತದೆ. ಸೈಕಲ್ಲಿನ ಸ್ಟ್ಯಾಂಡ್ ಆ ಭಾರಕ್ಕೆ ಸಾಲದು, ಗೋಡೆಯನ್ನೋ ಕಟ್ಟೆಯನ್ನೋ ಹುಡುಕಬೇಕು. ಬಹಳ ನಿಧಾನವಾಗಿ ಹತ್ತುವಾಗ ಸೈಕಲ್ಲನ್ನು ಆಚೀಚೆ ಓಲಾಡಿಸಿ ತುಳಿಯುವ ಅಭ್ಯಾಸವಿದ್ದವರು ಅದನ್ನು ಬಿಡಬೇಕಾಗುತ್ತದೆ.

ಬದಿಯಡ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಈ ವಿಚಾರ ಎತ್ತಿದಾಗ ಅವರು ನಿಶ್ಚಯವಾಗಿ ಹೇಳಿದರು: "ಎರಡು ಚಕ್ರವೇ ಹಾಕುವ ಮಾಷ್ಟ್ರೇ. ನಿಲ್ಲಿಸಿದಲ್ಲಿ ನಿಲ್ಲಬೇಕಲ್ಲ." ನಾನು ಕರಿಕೆಯ ಇಳಿಕೆಯನ್ನು ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ, "ಹಾಗಾದ್ರೆ ಕೊಂಡಿಯದ್ದೇ ಕೆಲಸ ಜಾಸ್ತಿ ಉಂಟು" ಎಂದರು. ಆ ಮಾತಿನಲ್ಲಿ ವಿಷಯದ ತಿರುಳೇ ಇತ್ತು.

ಎರಡು ಚಕ್ರದ ಟ್ರೈಲರಿನ ಕೊಂಡಿ ಮೂರು ಬಗೆಯಲ್ಲಿ ಆಡಬೇಕು: ಎಡಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಬಾಗಬೇಕು, ಸೈಕಲ್ ವಾಲಿದಾಗ ತಾನು ವಾಲದಂತೆ ಹೊರಳಬೇಕು. ಇಷ್ಟೂ ಬಿಡುಗಡೆ ಬೇಕಾದ್ದರಿಂದ ದಪ್ಪ ರಬ್ಬರ್ ಹೋಸಿನ ತುಂಡೊಂದನ್ನು ಬೋಲ್ಟು ಹಾಕಿ ಬಿಗಿದರೂ ಕೆಲಸ ನಡೆಯುತ್ತದೆ. ಒಂದು ಚಕ್ರದ್ದರಲ್ಲಿ ಮೊದಲಿನ ಎರಡು ಚಲನೆಗಳು ಬೇಕು, ಮೂರನೆಯದು ಒಂದಿಷ್ಟೂ ಕೂಡದು. ಏಕೆಂದರೆ ಟ್ರೈಲರನ್ನು ಬೀಳದಂತೆ ಹಿಡಿದಿರುವುದೇ ಸೈಕಲ್. ತಿರುಗುವ ಜಾಗದಲ್ಲಿ ಕೂದಲೆಳೆಯ ಸಡಿಲವಿದ್ದರೂ ವೇಗ ಹೆಚ್ಚಿದಾಗ ಟ್ರೈಲರ್ ಬಾಲ ಅಲ್ಲಾಡಿಸಲು ತೊಡಗುತ್ತದೆ, ಆ ಅಲುಗಾಟ ಹ್ಯಾಂಡಲಿನವರೆಗೂ ಬರುತ್ತದೆ. ಬಿಗಿಯೂ ನಯವೂ ಆದ ತಿರುಗಣೆ ಸಣ್ಣ ಊರಿನಲ್ಲಿ ಎಲ್ಲಿ ಸಿಗಬೇಕು? ಉತ್ತರ ಗುಜರಿ ಅಂಗಡಿಯಲ್ಲಿತ್ತು. ಹಳೆಯ ಸೈಕಲ್ಲಿನ ಮುಂಭಾಗದಲ್ಲಿ, ಹ್ಯಾಂಡಲ್ ತಿರುಗುವ ಕೊಳವೆಯಲ್ಲಿ, ಗುಂಡುಗಳ ಸಹಿತ ಬಟ್ಟಲಿನಾಕಾರದ ಎರಡು ಕಪ್‌ಗಳು ಇದ್ದೇ ಇರುತ್ತವೆ. ಬಿಗಿಯನ್ನು ಬೇಕಾದಂತೆ ಹೊಂದಿಸಬಹುದು, ಸವೆದರೆ ಹೊಸ ಗುಂಡುಗಳನ್ನು ಯಾವ ಸೈಕಲ್ ಅಂಗಡಿಯಲ್ಲಿಯೂ ಹಾಕಿಸಬಹುದು. ಆ ಕೊಳವೆಯನ್ನು ಹಿಂದಿನ ಚಕ್ರದ ಬೆನ್ನಿಗೆ ನೆಟ್ಟಗೆ ನಿಲ್ಲುವಂತೆ ಇಟ್ಟು, ಚಕ್ರದ ಎರಡೂ ಬದಿಯಿಂದ ಅಚ್ಚಿಗೆ ತಲುಪುವ ಎರಡು ತೋಳುಗಳನ್ನು ಅದರ ಫೋರ್ಕಿಗೆ ಬೆಸೆದರೆ ಒಂದು ಚಕ್ರದ ಟ್ರೈಲರಿನ ಅತಿ ಕಠಿಣವಾದ ಭಾಗ ಮುಗಿದಂತೆ. ಹೀಗೆ ಮಾಡುವುದು ನನ್ನ ಕಲ್ಪನೆಯೇನಲ್ಲ, ಕೈಯಿಂದ ಟ್ರೈಲರ್ ಮಾಡಿಕೊಳ್ಳುವವರಲ್ಲಿ ಬಳಕೆಯಲ್ಲಿರುವ ಉಪಾಯ; ಆದರೂ ಎಲ್ಲ ಊರುಗಳಲ್ಲಿ ಸಿಗುವ ವಸ್ತುವಿನಿಂದ ಇಷ್ಟು ಸೂಕ್ಷ್ಮವಾದ ಕೆಲಸ ಆಗುತ್ತದೆ ಎಂಬುದು ನನಗೆ ಬಹಳ ಇಷ್ಟವಾಯಿತು.

ಉಳಿದ ಚೌಕಟ್ಟಿಗೆ ಒಂದಿಂಚಿನ ಚೌಕ ಕಬ್ಬಿಣದ ಪೈಪು. ಅದು 1.6 ಮಿಲಿಮೀಟರ್ ದಪ್ಪದ್ದಾದರೆ ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಸಿಗುವ 6 ಮೀಟರಿನ ಒಂದು ಉದ್ದ ಪೂರ್ತಿ ಬಳಸಿದರೆ ಅದೇ 7 ಕಿಲೋ ಆಯಿತು. ಅದೇ ಅಳತೆಯ ಅಲ್ಯೂಮಿನಿಯಂ ಅದರ ಮೂರನೆಯ ಒಂದು ಭಾಗದಷ್ಟೇ ತೂಗುತ್ತದಾದರೂ ಅದನ್ನು ಬೆಸೆಯಲು ಬೇರೆಯೇ ಯಂತ್ರ ಮತ್ತು ಕೈಪಳಗು ಬೇಕು, ಮತ್ತು ಘಾಟಿಯ ನಡುವೆ ಮುರಿದರೆ ರಿಪೇರಿ ಮಾಡುವವರು ಸಿಗುವುದಿಲ್ಲ. ಕಬ್ಬಿಣದ್ದಕ್ಕೆ ಸಂಪಾಜೆಯಲ್ಲಾಗಲಿ ಪಾಣತ್ತೂರಿನಲ್ಲಾಗಲಿ ಒಬ್ಬ ವೆಲ್ಡರ್ ಸಾಕು. ಉದ್ದ ಕಡಿಮೆ ಮಾಡಿ, ಅಡ್ಡಪಟ್ಟಿಗಳಿಗೆ ಸಣ್ಣ ಪೈಪು ಹಾಕಿದರೆ ಚೌಕಟ್ಟನ್ನು 5 ಕಿಲೋದ ಆಸುಪಾಸಿಗೆ ತರಬಹುದು.

ಚಕ್ರದ ಗಾತ್ರದ ಬಗ್ಗೆ ಹೆಚ್ಚು ಚರ್ಚೆಯಾಗುವುದಿಲ್ಲ, ಆಗಬೇಕು. 16 ಇಂಚಿನ ಚಕ್ರ ಗುಂಡಿಗೆ ಆಳವಾಗಿ ಇಳಿಯುತ್ತದೆ, ಏಟು ಹೆಚ್ಚು, ಬೇರಿಂಗಿನ ಸುತ್ತುಗಳೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, 16 ಇಂಚು ಎಂದು ಬರೆದಿದ್ದರೂ ಅದರಲ್ಲಿ ಎರಡು ಬಗೆಯಿದೆ. ಮಕ್ಕಳ ಸೈಕಲ್ಲಿನ ರಿಮ್ 305 ಮಿಲಿಮೀಟರಿನದು, ಕೆಲವು ಮಡಚುವ ಸೈಕಲ್ಲುಗಳದ್ದು 349. ಮೊದಲನೆಯದರ ಟಯರು ಕುಂಬಳೆಯಲ್ಲಿಯೂ ಸಿಗುತ್ತದೆ; ಎರಡನೆಯದಕ್ಕೆ ಅಂಚೆಯ ದಾರಿ ಕಾಯಬೇಕು. 20 ಇಂಚಿನಲ್ಲಿಯೂ ಇದೇ ಕಥೆ: 406 ಸಾಮಾನ್ಯ, 451 ಅಪರೂಪ. ಪೋಲೆಂಡಿನ ಎಕ್ಸ್‌ಟ್ರಾವೀಲ್ ಎಂಬ ಟ್ರೈಲರ್ ಈ ತೊಡಕನ್ನು ಬೇರೆಯೇ ರೀತಿಯಲ್ಲಿ ಬಿಡಿಸಿದೆ. ಅದಕ್ಕೆ ದೊಡ್ಡ ಸೈಕಲ್ಲಿನ ಪೂರ್ಣ ಗಾತ್ರದ ಚಕ್ರವನ್ನೇ ಹಾಕಿ, ಆ ಚಕ್ರದ ಎರಡು ಬದಿಗೆ ಪ್ಯಾನಿಯರ್ ಚೀಲಗಳನ್ನು ತೂಗುಹಾಕುತ್ತಾರೆ. ಸೈಕಲ್ಲಿಗೂ ಟ್ರೈಲರಿಗೂ ಒಂದೇ ಟ್ಯೂಬು, ಒಂದೇ ಟಯರು. ನನಗೆ ಬಹಳ ಹಿಡಿಸಿದ ವಿನ್ಯಾಸ ಅದು. ಆದರೆ ಡೇರೆ, ಪಾತ್ರೆಗಳಂಥ ಉದ್ದದ, ಗಟ್ಟಿಯ ವಸ್ತುಗಳಿಗೆ ಚೀಲಕ್ಕಿಂತ ತೊಟ್ಟಿಲಿನಾಕಾರದ ತಳವೇ ಅನುಕೂಲವಾದ್ದರಿಂದ ನಾನು ನನ್ನ ಒಂದು ಚಕ್ರದ ಟ್ರೈಲರಿಗೆ 20 ಇಂಚಿನ 406ರ ಚಕ್ರವನ್ನು ನಿಶ್ಚಯಿಸಿದೆ.

ಹೊರೆಯನ್ನು ಎಲ್ಲಿ ಇಡುವುದು ಎಂಬುದು ಎತ್ತಿನ ಗಾಡಿ ಹೂಡುತ್ತಿದ್ದ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಎರಡು ಚಕ್ರದ ಟ್ರೈಲರಿಗೆ ಇದೇ ನಿಯಮ. ಭಾರದ ಮಧ್ಯಬಿಂದು ಅಚ್ಚಿಗಿಂತ ತುಸು ಮುಂದಿದ್ದು, ಒಟ್ಟು ಹೊರೆಯ ಹತ್ತನೆಯ ಒಂದು ಭಾಗದಷ್ಟು ಕೊಂಡಿಯ ಮೇಲೆ ಬೀಳಬೇಕು. 30 ಕಿಲೋಗೆ 3 ಕಿಲೋ. ಹಿಂಭಾರವಾದ ಟ್ರೈಲರ್ ಇಳಿಜಾರಿನಲ್ಲಿ ತೂರಾಡುತ್ತದೆ. ಒಂದು ಚಕ್ರದ್ದರಲ್ಲಿ ಹೊರೆ ಸೈಕಲ್ಲಿನ ಅಚ್ಚಿಗೂ ಟ್ರೈಲರಿನ ಚಕ್ರಕ್ಕೂ ಹಂಚಿಹೋಗುತ್ತದೆ. ಸರಿಯಾಗಿ ನಡುವೆ ಇಟ್ಟರೆ ಅರ್ಧರ್ಧ. ಅರ್ಧ ಭಾರ ಸೈಕಲ್ಲಿನ ಹಿಂದಿನ ಚಕ್ರಕ್ಕೇ ಬಂದರೆ ಟ್ರೈಲರಿನ ಉದ್ದೇಶವೇ ಕುಂದುತ್ತದೆ. ಆದ್ದರಿಂದ ಭಾರದ ವಸ್ತುಗಳು, ಅಂದರೆ ಅಕ್ಕಿ, ನೀರು, ಹತ್ಯಾರು, ತಳದಲ್ಲಿ ಟ್ರೈಲರಿನ ಚಕ್ರದ ಹತ್ತಿರ ಇರಬೇಕು. ಅವುಗಳ ಮುಂದೆಯೂ ಮೇಲೆಯೂ ಹಗುರದವು. ನೆಲದಿಂದ ಗೇಣೆತ್ತರದಲ್ಲಿ ತಳವಿದ್ದಷ್ಟೂ ಸ್ಥಿರತೆ ಹೆಚ್ಚು, ಆದರೆ ರಸ್ತೆಯ ಉಬ್ಬುಗಳಿಗೆ ತಾಗದಂತೆ ನೋಡಿಕೊಳ್ಳಬೇಕು. ಅಲ್ಲದೆ, ಟ್ರೈಲರಿನಲ್ಲಿ ಖಾಲಿ ಜಾಗ ಕಂಡರೆ ಮನೆಯವರೆಲ್ಲ ಏನಾದರೊಂದು ತುರುಕಲು ನೋಡುತ್ತಾರೆ. ಚೀಲವನ್ನು ಚಿಕ್ಕದಾಗಿ ಹೊಲಿಸಿದ್ದಕ್ಕೆ ಇದೂ ಒಂದು ಕಾರಣ.

ತಗ್ಗಿನಲ್ಲಿರುವ ಟ್ರೈಲರ್ ಹಿಂದಿನಿಂದ ಬರುವ ಬಸ್ಸಿನ ಚಾಲಕನಿಗೆ ಕಾಣುವುದು ಕಷ್ಟ. ಅವರು ಅಳೆಯುವುದು ಸೈಕಲ್ಲಿನ ಉದ್ದವನ್ನು. ಅದರ ಹಿಂದೆ ಒಂದೂವರೆ ಮೀಟರ್ ಉದ್ದದ ಹೊರೆಯಿದೆ ಎಂದು ತಿಳಿಯದೆ ಹಿಂದಿಕ್ಕಿ ಬೇಗ ಎಡಕ್ಕೆ ಬಂದುಬಿಡುತ್ತಾರೆ. ಸವಾರನ ತಲೆಯ ಎತ್ತರಕ್ಕೆ ಬರುವ ಬಾವುಟ, ಟ್ರೈಲರಿನದೇ ಕೆಂಪು ದೀಪ, ಹಿಂದೆ ಹೊಳೆಯುವ ಪಟ್ಟಿ, ಇವು ಅಲಂಕಾರಕ್ಕಲ್ಲ. ನಾವಿಬ್ಬರೂ ಹೋಗುವಾಗ ಮಗಳು ಮುಂದೆ, ನಾನು ಹಿಂದೆ. ವಾಹನದವರಿಗೆ ಮೊದಲು ಬಾವುಟ ಕಾಣಬೇಕು, ಆಮೇಲೆ ನಾನು, ಆಮೇಲೆ ಅವಳು. ಇಳಿಜಾರಿನ ವೇಗವನ್ನು ಅವಳೇ ನಿಶ್ಚಯಿಸಿದರೆ ನಾನೂ ಮಿತಿ ಮೀರುವುದಿಲ್ಲ. ಬಾಬ್ ಯಾಕಿನ ತಯಾರಕರು ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್ ಮೀರಬೇಡಿ ಎನ್ನುತ್ತಿದ್ದರು. ನಮ್ಮ ತಿರುವುಗಳಿಗೆ 25 ಕಿಲೋಮೀಟರೇ ಸಾಕು.

ಪೂರ್ತಿ ಹೊರೆಯಿಟ್ಟು ಹೊರಡುವ ಮೊದಲು 25 ಕಿಲೋ ಅಕ್ಕಿಯ ಗೋಣಿಯನ್ನು ಕಟ್ಟಿ ಮುಳ್ಳೇರಿಯದ ರಸ್ತೆಯಲ್ಲಿ ಓಡಿಸಿ ನೋಡಿದೆ. ಅಂಥ ಪರೀಕ್ಷೆಯಲ್ಲಿ ಗಮನಿಸಬೇಕಾದದ್ದು ಮೂರು ಸಂದರ್ಭಗಳನ್ನು: ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿದಾಗ ಹಿಂಭಾಗ ಅಲುಗುತ್ತದೆಯೇ, ಕಿರಿದಾದ ರಸ್ತೆಯಲ್ಲಿ ಪೂರ್ತಿ ತಿರುಗಿಸಿದಾಗ ತೋಳು ಟಯರಿಗೆ ತಾಗುತ್ತದೆಯೇ, ಏರಿನ ನಡುವೆ ನಿಂತು ಮತ್ತೆ ಹೊರಡಲು ಆಗುತ್ತದೆಯೇ. ಮೂರನೆಯದೇ ಎಲ್ಲಕ್ಕಿಂತ ಕಷ್ಟ; ಅದಕ್ಕೆ ಹಗುರದ ಗೇರು ಹಾಕಿಯೇ ನಿಲ್ಲುವ ಅಭ್ಯಾಸ ಬೇಕು. ರಿಮ್ಮಿಗೆ ರಬ್ಬರ್ ಒತ್ತುವ ಬ್ರೇಕಾದರೆ ರಿಮ್ಮಿನ ಬಿಸಿಯನ್ನು ನೋಡಿಕೊಂಡು ಘಾಟಿಯಲ್ಲಿ ಅಲ್ಲಲ್ಲಿ ನಿಲ್ಲಬೇಕಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಒದ್ದೆ ರಸ್ತೆಯಲ್ಲಿಯೂ ಹಿಡಿತ ಉಳಿಯುತ್ತದೆ, ಆದರೆ ಅದರ ಪ್ಯಾಡುಗಳು ಈ ಭಾರಕ್ಕೆ ಬೇಗ ಸವೆಯುವುದರಿಂದ ಒಂದು ಜೊತೆ ಹೆಚ್ಚಿಗೆ ಇರಲಿ.

ಈಗ ಉಳಿದಿರುವ ಕೆಲಸ ಕೊಂಡಿಯ ಪಿನ್ನುಗಳದ್ದು. ತೋಳುಗಳು ಅಚ್ಚಿನಿಂದ ಕಳಚದಂತೆ ಹಿಡಿಯುವುದು ಎರಡು ಸಣ್ಣ ಪಿನ್ನುಗಳು ಮಾತ್ರ. ಅವಕ್ಕೆ ನೂಲು ಕಟ್ಟಿ ಚೌಕಟ್ಟಿಗೆ ಸಿಕ್ಕಿಸಿಡುವುದು, ಸೈಕಲ್ಲಿಗೂ ಟ್ರೈಲರಿಗೂ ಬೇರೆಯಾಗಿ ಒಂದು ಗಟ್ಟಿ ಪಟ್ಟಿ ಬಿಗಿಯುವುದು, ಮತ್ತು ಹೆಚ್ಚುವರಿಯಾಗಿ ಎರಡು ಪಿನ್ನುಗಳನ್ನು ಟ್ರೈಲರಿನ ಚೀಲದಲ್ಲಿಡದೆ ನನ್ನ ಹ್ಯಾಂಡಲಿನ ಚೀಲದಲ್ಲಿಯೇ ಇಟ್ಟುಕೊಳ್ಳುವುದು.